ಯಕ್ಷರಂಗದ ಕಾರಂತರು

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಹೊರಟ ರಸ್ತೆಯು ತುಂಗಾ ಅಣೆಕಟ್ಟಿನ ಗಾಜನೂರನ್ನು ಹಾದು, ಕಾಡು ತೋಟಗಳ ನಡುವೆ ಸಾಗಿ, ಆಗುಂಬೆಯ ತಿರುವುಗಳಲ್ಲಿ ಘಟ್ಟವನ್ನಿಳಿದು ಕರಾವಳಿಯನ್ನು ಸೇರುತ್ತದೆ. ಮಳೆಗಾಲ ಕಳೆದು ದೀಪಾವಳಿಯ ಹಣತೆಗಳು ಆರಿದ ಬಳಿಕ ಕರಾವಳಿಯ ಯಕ್ಷಗಾನ ಮೇಳಗಳು ಇಂತಹ ಘಟ್ಟದ ದಾರಿಗಳನ್ನೇರಿಯೇ ಮಲೆನಾಡಿಗೆ ಬರುತ್ತಿದ್ದುವು. ಕೊಯ್ಲಾದ ಗದ್ದೆಯಲ್ಲಿ ನಾಲ್ಕು ಕಂಬಗಳನ್ನು ನೆಟ್ಟು ಮಾವಿನ ಸೊಪ್ಪಿನ ತೋರಣ ಕಟ್ಟಿದರೆ ರಂಗಸ್ಥಳ ಸಿದ್ಧವಾಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ಚಂಡೆಯ ಸದ್ದು ದೂರದೂರದ ಹಳ್ಳಿಗಳಿಗೆ ಕೇಳಿಸುತ್ತಿತ್ತು. ಜನರು ಊಟ ಮುಗಿಸಿ, ಚಾಪೆ ಕಂಬಳಿಗಳನ್ನು ಹೊತ್ತು, ಸೂಡಿಯ ಬೆಳಕಿನಲ್ಲಿ ನಡೆದು ಬಂದು ಕೋಳಿ ಕೂಗುವವರೆಗೂ ಕುಳಿತು ಆಟ ನೋಡುತ್ತಿದ್ದರು.

ಇಂತಹ ರಾತ್ರಿಗಳಲ್ಲಿ ಹಾಡಿಗೂ ಕುಣಿತಕ್ಕೂ ಇದ್ದಷ್ಟೇ ಪಾಲು ಮಾತಿಗೂ ಇತ್ತು. ಭಾಗವತರು ಪದ್ಯವನ್ನು ಹಾಡುವರು. ಮದ್ದಳೆ ಚಂಡೆಗಳ ಗತಿಗೆ ವೇಷಧಾರಿ ಕುಣಿಯುವನು. ಕುಣಿತ ನಿಂತ ಬಳಿಕ ಆ ಪದ್ಯದ ಅರ್ಥವನ್ನು ಅವನು ತನ್ನದೇ ಮಾತುಗಳಲ್ಲಿ ವಿಸ್ತರಿಸುವನು. ಈ ಮಾತಿಗೆ ಬರೆದಿಟ್ಟ ಪಾಠವಿಲ್ಲ. ಎದುರು ವೇಷದವನು ಕೇಳಿದ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಟ್ಟಬೇಕು. ಕೃಷ್ಣನೂ ಕೌರವನೂ ವಾದಕ್ಕಿಳಿದರೆ ಒಂದೇ ಪದ್ಯದ ಸುತ್ತ ಅರ್ಧ ಗಂಟೆ ಕಳೆದುಹೋಗುವುದುಂಟು. ಅರ್ಥಗಾರಿಕೆಯೆಂದು ಕರೆಯಲ್ಪಡುವ ಈ ಮಾತುಗಾರಿಕೆಯನ್ನು ಕೇಳುವುದಕ್ಕೆಂದೇ ಹಲವರು ಆಟಕ್ಕೆ ಬರುತ್ತಿದ್ದರು.

ಈ ಮಾತನ್ನು ಪೂರ್ತಿಯಾಗಿ ತೆಗೆದು, ಹಾಡು ಮತ್ತು ಕುಣಿತಗಳಿಂದಲೇ ಕತೆಯನ್ನು ಹೇಳಿಸಲು ಹೊರಟವರು ಡಾ. ಕೋಟ ಶಿವರಾಮ ಕಾರಂತರು. ಕನ್ನಡದಲ್ಲಿ ಅವರಷ್ಟು ವಿಪುಲವಾಗಿ ಬರೆದವರು ವಿರಳ. ನಲವತ್ತಕ್ಕೂ ಮಿಕ್ಕಿದ ಕಾದಂಬರಿಗಳು, ನಾಟಕಗಳು, ಪ್ರವಾಸ ಕಥನಗಳು, ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಹಿರಿಯರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಇವೆಲ್ಲ ಒಂದೇ ಲೇಖನಿಯಿಂದ ಬಂದುವು. ಮಾತೇ ಬಂಡವಾಳವಾಗಿದ್ದ ಇಂತಹ ಲೇಖಕರು ಮಾತಿಲ್ಲದ ಕಲೆಗೆ ಬಾಳಿನ ಬಹುಭಾಗವನ್ನು ಕೊಟ್ಟದ್ದೇಕೆಂಬುದು ವಿಚಾರಮಾಡತಕ್ಕ ಸಂಗತಿ.

ಕಾರಂತರು 1902ರ ಅಕ್ಟೋಬರ್ 10ರಂದು ಉಡುಪಿಯ ಉತ್ತರಕ್ಕಿರುವ ಕೋಟ ಗ್ರಾಮದಲ್ಲಿ ಹುಟ್ಟಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ ತೋಟಗಳು, ನಡುವೆ ದೇವಸ್ಥಾನಗಳು ಇರುವ ಆ ಸೀಮೆ ಬಡಗುತಿಟ್ಟಿನ ಯಕ್ಷಗಾನದ ತವರು. ಎಳೆಯ ಬಾಲಕನ ಕಿವಿಯಲ್ಲಿ ಕಡಲ ಮೊರೆತದೊಡನೆ ಚಂಡೆಯ ನಾದವೂ ತುಂಬಿಕೊಂಡಿತು. ಕುಂದಾಪುರದಲ್ಲಿ ಪ್ರೌಢ ವಿದ್ಯಾಭ್ಯಾಸ ಮುಗಿಸಿ ಮಂಗಳೂರಿನಲ್ಲಿ ಕಾಲೇಜು ಸೇರಿದ ಅವರು, ಗಾಂಧೀಜಿಯವರ ಅಸಹಕಾರ ಚಳುವಳಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೇ ಬಿಟ್ಟು ಹೊರಬಂದರು. ಆಮೇಲೆ ಅವರು ಯಾವ ಶಾಲೆಯ ಬಾಗಿಲನ್ನೂ ವಿದ್ಯಾರ್ಥಿಯಾಗಿ ತುಳಿಯಲಿಲ್ಲ. ಖಾದಿ ಪ್ರಚಾರ ಮಾಡಿದರು, ‘ವಸಂತ’ ಎಂಬ ಪತ್ರಿಕೆ ನಡೆಸಿದರು, ನಾಟಕಗಳನ್ನು ಆಡಿಸಿದರು, 1930ರ ಸುಮಾರಿಗೆ ಎರಡು ಮೂಕಿ ಚಲನಚಿತ್ರಗಳನ್ನೂ ತೆಗೆದರು. ಹಣ ಗಳಿಸುವ ವಿದ್ಯೆ ಅವರಿಗೆ ಒಲಿಯಲಿಲ್ಲ. ಕಲಿಯುವ ವಿದ್ಯೆ ಮಾತ್ರ ಚೆನ್ನಾಗಿ ಒಲಿಯಿತು.

ಅವರು ನೆಲೆಸಿದ್ದು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ. ಆ ಊರಿನ ಹಿರಿಯರೂ ಸಹಕಾರ ಚಳುವಳಿಯ ಪ್ರವರ್ತಕರೂ ಆಗಿದ್ದ ಮೊಳಹಳ್ಳಿ ಶಿವರಾಯರ ಬೆಂಬಲದಿಂದ ಪುತ್ತೂರಿನಲ್ಲಿ ದಸರಾ ನಾಡಹಬ್ಬ ನಡೆಯುತ್ತಿತ್ತು. ನಾಡಿನ ಮೂಲೆಮೂಲೆಗಳಿಂದ ಬರುತ್ತಿದ್ದ ಸಾಹಿತಿಗಳ ಮತ್ತು ಕಲಾವಿದರ ನಡುವೆ ಕಾರಂತರು ತಮ್ಮ ಪ್ರಯೋಗಗಳನ್ನು ರಂಗಕ್ಕೆ ತಂದರು. ಊರ ಹೊರಗಿನ ಗುಡ್ಡದ ಮೇಲೆ ಅವರು ಕಟ್ಟಿದ ‘ಬಾಲವನ’ ಮಕ್ಕಳ ಶಿಕ್ಷಣದ ಪ್ರಯೋಗಶಾಲೆಯಾಯಿತು. ಅಲ್ಲಿ ಪಾಠದ ಮನೆಯ ಜೊತೆಗೆ ನಾಟ್ಯಶಾಲೆಯೂ ಎದ್ದಿತು. ಮೈ ಬಳುಕದ ಮಗುವಿಗೆ ಮನಸ್ಸೂ ಬಳುಕದೆಂಬ ನಂಬಿಕೆ ಅವರ ಆ ಕಾಲದ ಎಲ್ಲ ಕೆಲಸಗಳಲ್ಲೂ ಕಾಣುತ್ತದೆ. ನಾಟಕ, ನೃತ್ಯಗಳನ್ನು ಕಲಿಸಲು ಶಾಲೆಗಳಿಗೆ ಹೋಗುತ್ತಿದ್ದಾಗಲೇ ಅವರಿಗೆ ಲೀಲಾ ಆಳ್ವರ ಪರಿಚಯವಾಯಿತು. 1936ರಲ್ಲಿ ಇಬ್ಬರೂ ಜಾತಿಯ ಗೋಡೆಯನ್ನು ದಾಟಿ ಮದುವೆಯಾದರು. ಆ ಕಾಲದ ಸಣ್ಣ ಊರಿನಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ಲೀಲಾ ಕಾರಂತರು ಸಂಸಾರದಲ್ಲಿ ಮಾತ್ರವಲ್ಲದೆ ಪತಿಯ ರಂಗಪ್ರಯೋಗಗಳಲ್ಲಿಯೂ ಸಹಭಾಗಿನಿಯಾದರು.

ಈ ವರ್ಷಗಳಲ್ಲಿ ಕಾರಂತರು ‘ಗೀತನಾಟಕ’ಗಳನ್ನು ಬರೆದರು. ಹಾಡು, ಚಲನೆ, ಭಾವಾಭಿನಯಗಳಿಂದ ಒಂದು ಚಿಕ್ಕ ಕತೆಯನ್ನು ಮುಗಿಸುವ ಈ ರೂಪ ಕನ್ನಡಕ್ಕೆ ಆಗ ಹೊಸದು. ‘ಕಿಸಾಗೋತಮಿ’ ಇವುಗಳಲ್ಲಿ ಒಂದು. ಸತ್ತ ಮಗುವನ್ನು ಎತ್ತಿಕೊಂಡು ಬುದ್ಧನ ಬಳಿಗೆ ಬಂದ ತಾಯಿ, ಸಾವಿಲ್ಲದ ಮನೆಯಿಂದ ಸಾಸಿವೆಯನ್ನು ತರಲು ಹೊರಟು, ಮನೆಮನೆಯ ಬಾಗಿಲಿಗೆ ಹೋಗಿ, ಬರಿಗೈಯಲ್ಲಿ ಹಿಂದಿರುಗುವ ಕತೆ ಅದು. ಇದರಲ್ಲಿ ಮಾತಿಗೆ ಎಡೆಯೇ ಕಡಮೆ. ತಾಯಿಯ ನಡಿಗೆಯೇ ಕತೆ. ಮೊದಲ ಮನೆಗೆ ಹೋಗುವಾಗಿನ ಆತುರ, ಕೊನೆಯ ಮನೆಯಿಂದ ಮರಳುವಾಗಿನ ಭಾರ, ಇವೆರಡರ ನಡುವಣ ಅಂತರವನ್ನು ಕಾಲುಗಳೇ ಹೇಳಬೇಕು. ಮುಂದೆ ಕಾರಂತ ದಂಪತಿಗಳು ತಮ್ಮ ಹಿರಿಯ ಮಗ ಹರ್ಷನನ್ನು ಎಳೆಯ ಪ್ರಾಯದಲ್ಲಿಯೇ ಕಳೆದುಕೊಂಡು ಅದೇ ದುಃಖವನ್ನು ತಾವೂ ಉಣ್ಣಬೇಕಾಯಿತು.

1933ರಲ್ಲಿ ಪ್ರಕಟವಾದ ಅವರ ‘ಚೋಮನ ದುಡಿ’ ಕಾದಂಬರಿಯನ್ನೂ ಇಲ್ಲಿ ನೆನೆಯಬಹುದು. ಸ್ವಂತ ಬೇಸಾಯದ ಆಸೆಯನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿ ಗೆಲ್ಲಲಾಗದ ಚೋಮ, ತನ್ನ ಸಂಕಟವನ್ನೂ ಸಿಟ್ಟನ್ನೂ ದುಡಿಯ ಬಡಿತದಲ್ಲಿ ಹೊರಗೆಡಹುತ್ತಾನೆ. ಮಾತು ಸೋತಲ್ಲಿ ತಾಳವು ಮಾತನಾಡುತ್ತದೆಂಬುದನ್ನು ಕಾದಂಬರಿಕಾರರಾದ ಕಾರಂತರು ಮೊದಲೇ ಕಂಡಿದ್ದರು.

ಕಾರಂತರು ಪುತ್ತೂರಿನಲ್ಲಿ ಹೀಗೆ ದುಡಿಯುತ್ತಿದ್ದ ಕಾಲದಲ್ಲಿ ಹೊರ ಜಗತ್ತಿನ ನೃತ್ಯರಂಗವೂ ಬದಲಾಗಿತ್ತು. ಯುರೋಪಿನ ಶಾಸ್ತ್ರೀಯ ನೃತ್ಯನಾಟಕಕ್ಕೆ ಬ್ಯಾಲೆ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ರಷ್ಯದ ದೊಡ್ಡ ರಂಗಮಂದಿರಗಳಲ್ಲಿ ಒಂದು ಬ್ಯಾಲೆಯೆಂದರೆ ಇಡೀ ಸಂಜೆಯ ಕಾರ್ಯಕ್ರಮ. ಕತೆ ನಡುನಡುವೆ ನಿಲ್ಲುವುದು. ನರ್ತಕಿಯ ಚಮತ್ಕಾರಕ್ಕಾಗಿ ಸಂಬಂಧವಿಲ್ಲದ ನೃತ್ಯಗಳು ನುಸುಳುವುವು. ಮಿಖಾಯಿಲ್ ಫೊಕಿನ್ ಎಂಬ ನೃತ್ಯಸಂಯೋಜಕನು ಇದನ್ನು ಒಪ್ಪಲಿಲ್ಲ. ಕುಣಿತ, ಸಂಗೀತ, ವೇಷ, ಚಿತ್ರಪಟ ಇವು ನಾಲ್ಕೂ ಒಂದೇ ಭಾವಕ್ಕೆ ದುಡಿಯಬೇಕು. ಹಾಗೆ ದುಡಿದರೆ ಅರ್ಧ ಗಂಟೆಯಲ್ಲಿ ಹೇಳಬಹುದಾದುದನ್ನು ಮೂರು ಗಂಟೆ ಎಳೆಯಬೇಕಾಗಿಲ್ಲ ಎಂಬುದು ಅವನ ನಿಲುವು. ಆನ್ನಾ ಪಾವ್ಲೋವಾ ಎಂಬ ನರ್ತಕಿಗಾಗಿ ಅವನು ಸಂಯೋಜಿಸಿದ ಸಾಯುವ ಹಂಸದ ನೃತ್ಯವು ಕೆಲವೇ ನಿಮಿಷಗಳದು. ದಿಯಾಗಿಲೆವನ ರಷ್ಯನ್ ತಂಡವು 1909ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಒಂದೇ ಸಂಜೆಯಲ್ಲಿ ಬೇರೆಬೇರೆ ಕಿರು ಬ್ಯಾಲೆಗಳನ್ನು ತೋರಿಸುವ ಪದ್ಧತಿಗೆ ಬಲ ಬಂದಿತು. ಹಳೆಯ ಶೈಲಿಯದೊಂದು, ಹೊಸ ಸಂಗೀತದ್ದೊಂದು, ಜಾನಪದ ಕತೆಯದೊಂದು ಹೀಗೆ ಕೂಡಿಸಿದ ಕಾರ್ಯಕ್ರಮದಲ್ಲಿ ಪ್ರೇಕ್ಷಕರು ಹಳತನ್ನೂ ಹೊಸತನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡುವಂತಾಯಿತು.

ಆ ಗಾಳಿ ಭಾರತಕ್ಕೂ ಬೀಸಿತು. 1923ರಲ್ಲಿ ಲಂಡನ್ನಿನಲ್ಲಿ ಪಾವ್ಲೋವಾಳ ಜೊತೆಗೆ ರಾಧಾಕೃಷ್ಣರ ನೃತ್ಯವನ್ನಾಡಿದ ಉದಯಶಂಕರರು ಮುಂದೆ ಸ್ವಂತ ತಂಡ ಕಟ್ಟಿ, ಶಿವಪಾರ್ವತಿಯರ ಕತೆಯ ಜೊತೆಗೆ ಯಂತ್ರಯುಗದ ಕೂಲಿಯಾಳಿನ ಬದುಕನ್ನೂ ನೃತ್ಯಕ್ಕಿಳಿಸಿದರು. ಕೇರಳದಲ್ಲಿ ಕವಿ ವಳ್ಳತ್ತೋಳರು 1930ರಲ್ಲಿ ಕಲಾಮಂಡಲವನ್ನು ಸ್ಥಾಪಿಸಿ ಅಳಿವಿನಂಚಿಗೆ ಬಂದಿದ್ದ ಕಥಕಳಿಗೆ ಜೀವದಾನ ಮಾಡಿದರು. ಕನ್ನಡ ಕರಾವಳಿಯ ಯಕ್ಷಗಾನಕ್ಕೆ ಮಾತ್ರ ಇಂತಹ ದಿಕ್ಕು ಇರಲಿಲ್ಲ. ಅದು ಹಳ್ಳಿಯವರ ಆಟ, ಓದಿದವರು ನೋಡುವಂಥದಲ್ಲ ಎಂಬ ತಾತ್ಸಾರ ಪೇಟೆಯವರಲ್ಲಿ ಬೇರೂರಿತ್ತು.

ಕಾರಂತರು ಯಕ್ಷಗಾನದ ಬಳಿಗೆ ಮೊದಲು ಹೋದದ್ದು ಶೋಧಕರಾಗಿ. ಊರೂರು ಸುತ್ತಿ ಪ್ರಸಂಗಗಳ ಓಲೆಗರಿಗಳನ್ನು ಹುಡುಕಿದರು. ಮುಪ್ಪಿನ ಭಾಗವತರನ್ನು ಕುಳ್ಳಿರಿಸಿ ಹಾಡಿಸಿದರು. ಒಬ್ಬ ಭಾಗವತರಿಗೆ ಗೊತ್ತಿದ್ದ ಮಟ್ಟು ಇನ್ನೊಬ್ಬರಿಗೆ ತಿಳಿಯದು. ಪ್ರಸಂಗದ ಹೊತ್ತಗೆಯಲ್ಲಿ ಪದ್ಯದ ತಲೆಯ ಮೇಲೆ ಬರೆದ ರಾಗದ ಹೆಸರಿದ್ದರೂ ಅದನ್ನು ಹಾಡಬಲ್ಲವರು ಉಳಿದಿರಲಿಲ್ಲ. ಹಳೆಯ ವೇಷಭೂಷಣಗಳನ್ನು ಬಿಚ್ಚಿ ನೋಡಿದರು. ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದ ಆಭರಣಗಳು, ಚೌಕುಳಿಯ ಕಸೆ ಸೀರೆ, ಅಟ್ಟೆಯ ಮೇಲೆ ಬಟ್ಟೆ ಸುತ್ತಿ ಕಟ್ಟುವ ಮುಂಡಾಸು, ಬಾಲವೀರರ ಕೇದಗೆ ಮುಂದಲೆ, ರಕ್ಕಸರ ಬಣ್ಣದ ವೇಷ ಇವೆಲ್ಲ ದೀವಟಿಗೆಯ ಬೆಳಕಿಗೆ ಹೊಂದುವಂತೆ ಯಾರೋ ಹೆಸರಿಲ್ಲದ ಕಲೆಗಾರರು ರೂಪಿಸಿದ ಒಂದು ಲೋಕವೆಂಬುದನ್ನು ಅವರು ಕಂಡುಕೊಂಡರು. ಈ ಅಧ್ಯಯನದ ಫಲವಾದ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕಾದಂಬರಿಕಾರರೆಂದು ಹೆಸರಾದವರಿಗೆ ಬಯಲಾಟದ ಕುರಿತ ಗ್ರಂಥಕ್ಕಾಗಿ ಆ ಗೌರವ ಬಂದುದು ಸ್ವಾರಸ್ಯಕರವಾಗಿದೆ.

ಶೋಧನೆ ನಡೆದಂತೆಲ್ಲ ಅವರ ಕಳವಳವೂ ಬೆಳೆಯಿತು. ಗುಡಾರ ಕಟ್ಟಿ ಟಿಕೇಟು ಮಾರುವ ಮೇಳಗಳು ಬಂದಿದ್ದುವು. ಕಂಪನಿ ನಾಟಕಗಳ ಮಖಮಲ್ಲಿನ ಉಡುಪು ಹಳೆಯ ಕಸೆಯನ್ನು ಅಟ್ಟುತ್ತಿತ್ತು. ಸಿನಿಮಾ ಹಾಡಿನ ಧಾಟಿ ಭಾಗವತಿಕೆಯಲ್ಲಿ ಸೇರುತ್ತಿತ್ತು. ಮಾತು ಬೆಳೆಬೆಳೆದು ಹೆಜ್ಜೆಗಳು ಕುಗ್ಗುತ್ತಿದ್ದುವು. ಒಂದು ಕಾಲದಲ್ಲಿ ವೇಷದ ಪ್ರವೇಶಕ್ಕೆಂದೇ ದೀರ್ಘವಾಗಿ ನಡೆಯುತ್ತಿದ್ದ ಒಡ್ಡೋಲಗದ ಕುಣಿತ ಕೆಲವೇ ಸುತ್ತುಗಳಿಗೆ ಇಳಿಯಿತು. ಹೀಗೆಯೇ ಬಿಟ್ಟರೆ ಕುಣಿತವು ಮಾತಿನ ನಡುವೆ ಉಸಿರೆಳೆದುಕೊಳ್ಳುವ ವಿರಾಮ ಮಾತ್ರವಾಗಿ ಉಳಿದೀತೆಂಬುದು ಕಾರಂತರ ಭಯ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ತೀಕ್ಷ್ಣವಾದುದು. ಕುಣಿತವನ್ನು ಉಳಿಸಬೇಕಾದರೆ ಮಾತನ್ನು ತೆಗೆದುಬಿಡಬೇಕು.

ಹೀಗೆ 1960ರ ದಶಕದಲ್ಲಿ ‘ಯಕ್ಷಗಾನ ಬ್ಯಾಲೆ’ ರೂಪುಗೊಂಡಿತು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಎರಡು ಮೂರು ಗಂಟೆಗಳಿಗೆ ಅಡಕಗೊಳಿಸಲಾಯಿತು. ಪ್ರಸಂಗದ ನೂರಾರು ಪದ್ಯಗಳಲ್ಲಿ ಕತೆಯನ್ನು ಮುಂದಕ್ಕೆ ಒಯ್ಯುವ, ಕುಣಿತಕ್ಕೆ ಎಡೆಗೊಡುವ ಕೆಲವನ್ನು ಮಾತ್ರ ಆರಿಸಲಾಯಿತು. ಚಂಡೆ ಮದ್ದಳೆಗಳು ಉಳಿದುವು. ಜೊತೆಗೆ ಪಿಟೀಲು ಮತ್ತು ಸ್ಯಾಕ್ಸೊಫೋನ್ ಬಂದುವು. ಭಾಗವತರ ಕಂಠವೊಂದೇ ರಾಗದ ಭಾರವನ್ನೆಲ್ಲ ಹೊರಬೇಕಾದ ಕಡೆ ಈ ವಾದ್ಯಗಳು ಸ್ವರವನ್ನು ಹಿಡಿದು ನಿಲ್ಲಿಸುತ್ತವೆಂದು ಅವರು ನಂಬಿದ್ದರು. ವೇಷಗಳಲ್ಲಿ ಮಖಮಲ್ಲಿಗೆ ಎಡೆ ಸಿಕ್ಕಲಿಲ್ಲ. ಹಳೆಯ ಮುಂಡಾಸು, ಹಳೆಯ ಕಸೆ, ಹಳೆಯ ಬಣ್ಣಗಳು ಮರಳಿ ರಂಗಕ್ಕೆ ಬಂದುವು. ಆದ್ದರಿಂದ ಈ ಪ್ರಯೋಗದಲ್ಲಿ ಹೊಸತೆಷ್ಟು ಹಳತೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಅವಧಿ ಹೊಸದು, ವಾದ್ಯ ಹೊಸದು, ಮೌನ ಹೊಸದು. ವೇಷವು ಆ ಕಾಲದ ಮೇಳಗಳದ್ದಕ್ಕಿಂತ ಹಳೆಯದು.

ಅವರ ಬ್ಯಾಲೆಗಳಲ್ಲಿ ‘ಅಭಿಮನ್ಯು’, ‘ಪಂಚವಟಿ’, ‘ನಳದಮಯಂತಿ’ ಮೊದಲಾದುವು ಹೆಸರುವಾಸಿಯಾದುವು. ಅಭಿಮನ್ಯುವಿನ ಕತೆಯನ್ನು ತೆಗೆದುಕೊಂಡರೆ ಈ ವಿಧಾನದ ಕಷ್ಟವೂ ಸೊಗಸೂ ಎರಡೂ ತಿಳಿಯುತ್ತವೆ. ಚಕ್ರವ್ಯೂಹವನ್ನು ಹೊಗುವ ಬಗೆ ಮಾತ್ರ ತಿಳಿದು ಹೊರಬರುವ ಬಗೆ ತಿಳಿಯದ ಬಾಲಕ ಅವನು. ಬಯಲಾಟದಲ್ಲಿ ಅವನು ಧರ್ಮರಾಯನೊಡನೆ ವಾದಿಸುತ್ತಾನೆ, ತಾಯಿ ಸುಭದ್ರೆಯನ್ನು ಮಾತಿನಿಂದ ಒಲಿಸುತ್ತಾನೆ, ದ್ರೋಣನನ್ನು ಮಾತಿನಿಂದಲೇ ಕೆಣಕುತ್ತಾನೆ. ಮಾತಿಲ್ಲದ ರಂಗದಲ್ಲಿ ಇವೆಲ್ಲವನ್ನೂ ಮೈಯೇ ಹೇಳಬೇಕು. ಬೀಳ್ಕೊಡಲಾರದ ತಾಯಿಯ ಹೆಜ್ಜೆ ನಿಧಾನದ್ದು. ಹೊರಡಲು ತವಕಿಸುವ ಮಗನ ಹೆಜ್ಜೆ ಚುರುಕಿನದು. ಎರಡೂ ಒಂದೇ ಪದ್ಯಕ್ಕೆ ಹೊಂದಬೇಕು. ವ್ಯೂಹವೆಂಬುದು ಬಯಲಾಟದಲ್ಲಿ ಬಹುಮಟ್ಟಿಗೆ ಪ್ರೇಕ್ಷಕನ ಊಹೆಗೆ ಬಿಟ್ಟದ್ದು. ಇಲ್ಲಿ ಅದು ಕುಣಿಯುವವರ ಸುತ್ತು ಸುತ್ತಾದ ಚಲನೆಯಲ್ಲಿ ಕಣ್ಣಿಗೆ ಕಾಣಬೇಕು. ಕೊನೆಗೆ ಬಿಲ್ಲು ಮುರಿದು, ರಥ ಮುರಿದು ನಿಂತ ಹುಡುಗನ ಸುತ್ತ ಹಿರಿಯರೆಲ್ಲ ಮುತ್ತಿದಾಗ ಚಂಡೆಯೊಂದೇ ಸಾಕು. ಕಥಕಳಿಯಲ್ಲಿಯೂ ಪಾತ್ರಗಳು ಮಾತನಾಡುವುದಿಲ್ಲ. ಆದರೆ ಅಲ್ಲಿ ಕೈಮುದ್ರೆಗಳ ಒಂದು ಸಂಪೂರ್ಣ ಭಾಷೆಯೇ ಇದೆ. ಬಡಗುತಿಟ್ಟಿಗೆ ಅಂತಹ ಮುದ್ರಾಭಾಷೆ ಇಲ್ಲ. ಅದರ ಬಲವೆಲ್ಲ ಕಾಲಿನಲ್ಲಿ, ಮೈಯ ತಿರುವಿನಲ್ಲಿ, ಲಯದಲ್ಲಿ ಇದೆ. ಆ ಬಲವನ್ನೇ ನಂಬಿ ಕಾರಂತರು ಮುಂದುವರಿದರು.

ಅವರು ದೂರ ಕುಳಿತು ಆಜ್ಞೆ ಮಾಡುವ ನಿರ್ದೇಶಕರಾಗಿರಲಿಲ್ಲ. ಅರವತ್ತು ದಾಟಿದ ಮೇಲೂ ಪಂಚೆಯನ್ನೆತ್ತಿ ಕಟ್ಟಿ ತಾವೇ ಹೆಜ್ಜೆ ಹಾಕಿ ತೋರಿಸುತ್ತಿದ್ದರು. ವಂಶಪಾರಂಪರ್ಯವಾಗಿ ಕುಣಿಯುತ್ತ ಬಂದ ವೇಷಧಾರಿಗಳಿಗೆ, ಮೇಳದಲ್ಲಿ ಎಂದೂ ಗೆಜ್ಜೆ ಕಟ್ಟದ ಬರಹಗಾರರೊಬ್ಬರು ಕುಣಿತ ಹೇಳಿಕೊಡುವುದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರ ಸ್ವಭಾವವೂ ಮೃದುವಾದುದಲ್ಲ. ತಪ್ಪನ್ನು ತಪ್ಪೆಂದು ಎದುರಿಗೇ ಹೇಳಿಬಿಡುವವರು. ಆದರೂ ಬಡಗುತಿಟ್ಟಿನ ದೊಡ್ಡ ಕಲಾವಿದರು ಅವರೊಡನೆ ದುಡಿದರು. ಮದ್ದಳೆಯ ಮಾಂತ್ರಿಕರೆನಿಸಿದ ಹಿರಿಯಡಕ ಗೋಪಾಲರಾಯರು, ಭಾಗವತ ನೀಲಾವರ ರಾಮಕೃಷ್ಣಯ್ಯನವರು ಅಂಥವರು. ಕಾರಂತರ ಕಲ್ಪನೆ ಎಷ್ಟೇ ದೊಡ್ಡದಾಗಿದ್ದರೂ, ತಲೆಮಾರುಗಳಿಂದ ಬಂದ ತಾಳ ರಾಗಗಳ ಸಂಪತ್ತು ಈ ಕಲಾವಿದರ ಕೈಯಲ್ಲಿ, ಕಂಠದಲ್ಲಿ ಇತ್ತು. ಬ್ಯಾಲೆಯ ಯಶಸ್ಸನ್ನು ಎಣಿಸುವಾಗ ಇದನ್ನು ಮರೆಯುವವರೇ ಹೆಚ್ಚು.

ಆಕ್ಷೇಪಣೆಗಳು ಬಾರದೆ ಇರಲಿಲ್ಲ. ಯಕ್ಷಗಾನದಿಂದ ಮಾತನ್ನು ತೆಗೆಯುವುದೆಂದರೆ ಮರದಿಂದ ತಿರುಳನ್ನೇ ತೆಗೆದಂತೆ ಎಂದು ಹಲವು ವಿದ್ವಾಂಸರೂ ಕಲಾವಿದರೂ ವಾದಿಸಿದರು. ಈ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ವೇಷವೂ ಕುಣಿತವೂ ಇಲ್ಲದೆ ಬರಿಯ ಹಾಡು ಮತ್ತು ಮಾತುಗಳಿಂದ ನಡೆಯುವ ತಾಳಮದ್ದಳೆಯನ್ನು ಜನರು ರಾತ್ರಿಯಿಡೀ ಕೇಳುವುದುಂಟು. ಓದು ಬರಹ ಬಾರದ ರೈತನಿಗೂ ಭಾರತ ರಾಮಾಯಣಗಳ ಧರ್ಮಸೂಕ್ಷ್ಮವನ್ನು ಮುಟ್ಟಿಸಿದ್ದು ಈ ಮಾತೇ. ಕರ್ಣನ ನೋವನ್ನು, ಭೀಷ್ಮನ ಇಕ್ಕಟ್ಟನ್ನು ಅರ್ಥಧಾರಿಯೊಬ್ಬನು ಬಿಡಿಸಿಡುವ ಬಗೆ ಕುಣಿತಕ್ಕೆ ನಿಲುಕದ್ದು. ಮಾತೇ ಸಿರಿಯಾಗಿದ್ದ ಕಲಾವಿದನಿಗೆ ಈ ಹೊಸ ರಂಗದಲ್ಲಿ ಎಡೆಯೇ ಇರಲಿಲ್ಲ. ಬ್ಯಾಲೆಯೆಂಬ ಹೆಸರೂ, ಸ್ಯಾಕ್ಸೊಫೋನ್ ಎಂಬ ಪರದೇಶದ ವಾದ್ಯವೂ ಕೆಲವರಿಗೆ ಸರಿಬರಲಿಲ್ಲ. ಪಿಟೀಲೂ ಒಂದು ಕಾಲಕ್ಕೆ ಪರದೇಶದಿಂದಲೇ ಬಂದು ಕರ್ನಾಟಕ ಸಂಗೀತದಲ್ಲಿ ಮನೆಮಾಡಿಕೊಂಡಿತೆಂಬುದನ್ನು ಅವರು ಮರೆತಿದ್ದರು.

ಕಾರಂತರು ತಮ್ಮ ನಿಲುವನ್ನು ಬಿಡಲಿಲ್ಲ. ಹಾಗೆಂದು ಮೇಳಗಳೆಲ್ಲ ತಮ್ಮ ದಾರಿ ಹಿಡಿಯಲೂ ಇಲ್ಲ. ಕನ್ನಡ ಬಾರದ ಪ್ರೇಕ್ಷಕನ ಮುಂದೆ ಇಟ್ಟಾಗ ಅವರ ಪ್ರಯೋಗದ ಬೆಲೆ ತಿಳಿಯಿತು. ಅರ್ಧ ಗಂಟೆಯ ಸಂವಾದ ಅವನಿಗೆ ಬರಿಯ ಸದ್ದು. ಅಭಿಮನ್ಯುವಿನ ಕುಣಿತ ಹಾಗಲ್ಲ. ಬ್ಯಾಲೆಯ ಮೂಲಕ ಯಕ್ಷಗಾನವು ಕನ್ನಡ ನಾಡಿನ ಗಡಿಯನ್ನು ದಾಟಿ ದೇಶದ ಇತರ ನಗರಗಳಿಗೂ, ಹೊರದೇಶಗಳ ರಂಗಮಂದಿರಗಳಿಗೂ ಹೋಯಿತು. ಹಳ್ಳಿಯ ಆಟವೆಂದು ಮೂಗು ಮುರಿಯುತ್ತಿದ್ದ ನಮ್ಮ ಪೇಟೆಯವರು ಹೊರಗಿನವರ ಚಪ್ಪಾಳೆಯನ್ನು ಕೇಳಿದ ಬಳಿಕ ಅದರ ಕಡೆಗೆ ತಿರುಗಿ ನೋಡಿದರೆಂಬುದು ಅಷ್ಟೇನೂ ಹೆಮ್ಮೆಪಡುವ ವಿಷಯವಲ್ಲ.

1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಪ್ರಾರಂಭವಾಯಿತು. ಅದರ ಹಿಂದೆ ಪ್ರಾಚಾರ್ಯರಾಗಿದ್ದ ಕು. ಶಿ. ಹರಿದಾಸ ಭಟ್ಟರ ಉತ್ಸಾಹವೂ ಕಾರಂತರ ಮಾರ್ಗದರ್ಶನವೂ ಇದ್ದುವು. ಅಲ್ಲಿಯವರೆಗೆ ಯಕ್ಷಗಾನ ಕಲಿಯಬೇಕೆಂಬ ಹುಡುಗನು ಮೇಳದ ಹಿಂದೆ ಅಲೆದು, ಚೌಕಿಯಲ್ಲಿ ಹಿರಿಯರ ಸೇವೆ ಮಾಡಿ, ಕೋಡಂಗಿಯ ವೇಷದಿಂದ ಆರಂಭಿಸಿ ವರುಷಗಟ್ಟಲೆ ಕಾಯಬೇಕಾಗಿತ್ತು. ಕೇಂದ್ರದಲ್ಲಿ ಗುರುಗಳು ಗೊತ್ತಾದ ಕ್ರಮದಲ್ಲಿ ಹೆಜ್ಜೆ, ತಾಳ, ಹಾಡುಗಳನ್ನು ಪಾಠಮಾಡಿದರು. ಕಾರಂತರ ‘ಯಕ್ಷರಂಗ’ ತಂಡವು ಇಂತಹ ಕಲಾವಿದರನ್ನು ಕೂಡಿಕೊಂಡು ಸಂಚಾರ ಮಾಡಿತು. ಹೊರ ಊರುಗಳಲ್ಲಿ ಪ್ರದರ್ಶನ ಕೊಡುವುದೆಂದರೆ ವೇಷದ ಪೆಟ್ಟಿಗೆ, ಬಣ್ಣ, ವಾದ್ಯಗಳೊಡನೆ ಒಂದು ಸಂಸಾರವನ್ನೇ ಸಾಗಿಸಿದಂತೆ. ಎಪ್ಪತ್ತರ ಪ್ರಾಯದ ಕಾರಂತರು ತಂಡದ ಜೊತೆಯಲ್ಲಿಯೇ ಪಯಣಿಸುತ್ತಿದ್ದರು.

ಈ ನಡುವೆ ಗೌರವಗಳು ಬಂದುವು, ಹೋದುವು. 1968ರಲ್ಲಿ ಕೇಂದ್ರ ಸರ್ಕಾರವು ಕೊಟ್ಟ ಪದ್ಮಭೂಷಣವನ್ನು, 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಕಾರಂತರು ಹಿಂದಿರುಗಿಸಿದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಿತು. ಮಲೆನಾಡಿನವರೂ ಅವರನ್ನು ತಮ್ಮವರೆಂದು ಭಾವಿಸಿದರು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ಅಡಿಕೆ ತೋಟಗಳ ನಡುವಣ ಪುಟ್ಟ ಹಳ್ಳಿಯಲ್ಲಿ, ಕೆ. ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆಯು ಕಟ್ಟಿದ ರಂಗಮಂದಿರಕ್ಕೆ ಶಿವರಾಮ ಕಾರಂತರ ಹೆಸರನ್ನೇ ಇಡಲಾಯಿತು. ಕನ್ನಡದ ಮತ್ತು ಪರದೇಶದ ನಾಟಕಗಳು ನಡೆಯುತ್ತ ಬಂದ ಆ ರಂಗಮಂದಿರಕ್ಕೆ ಹಳತು ಹೊಸತುಗಳೆರಡನ್ನೂ ಬಲ್ಲವರ ಹೆಸರು ಚೆನ್ನಾಗಿ ಒಪ್ಪುತ್ತದೆ.

ಕಾರಂತರು ಪುತ್ತೂರನ್ನು ಬಿಟ್ಟು ಹುಟ್ಟೂರಿನ ಸಮೀಪದ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. 1986ರಲ್ಲಿ ಲೀಲಾ ಕಾರಂತರು ತೀರಿಕೊಂಡರು. ಆ ಬಳಿಕವೂ ಕಾರಂತರು ಬರೆದರು, ಕುಣಿಸಿದರು, ಪರಿಸರದ ಉಳಿವಿಗಾಗಿ ಹೋರಾಡಿದರು. ಕೈಗಾ ಅಣುಸ್ಥಾವರದ ವಿರುದ್ಧದ ಚಳುವಳಿಯಲ್ಲಿ ಮುಂದೆ ನಿಂತರು. ತೊಂಬತ್ತನ್ನು ದಾಟಿದಾಗಲೂ ಬೆನ್ನು ಬಾಗಿರಲಿಲ್ಲ. ಬೆಳ್ಳಗೆ ಹರಡಿದ ತಲೆಗೂದಲು, ಚೂಪಾದ ನೋಟ, ಅಡ್ಡಾದಿಡ್ಡಿ ಮಾತಿಗೆ ತಟ್ಟನೆ ಕೆರಳುವ ಮುಖ ಇವು ನಾಡಿನ ಜನಕ್ಕೆಲ್ಲ ಚಿರಪರಿಚಿತವಾಗಿದ್ದುವು. ಕಡಲತೀರದ ಭಾರ್ಗವನೆಂದು ಅವರನ್ನು ಕರೆಯುತ್ತಿದ್ದುದು ವೃಥಾ ಅಲ್ಲ.

ವೃತ್ತಿಮೇಳಗಳು ಇಂದಿಗೂ ಮಾತನ್ನು ಬಿಟ್ಟಿಲ್ಲ. ಆದರೆ ಇರುಳಿಡೀ ನಡೆಯುತ್ತಿದ್ದ ಆಟ ಹಲವೆಡೆ ಕಾಲಮಿತಿಗೆ ಒಳಪಟ್ಟು ನಡುರಾತ್ರಿಗೆ ಮುಗಿಯುತ್ತಿದೆ. ಮರುದಿನದ ಕೆಲಸ, ಶಾಲೆ, ಪಯಣಗಳು ಇದಕ್ಕೆ ಮುಖ್ಯ ಕಾರಣ. ಒಂದು ಪ್ರಸಂಗವನ್ನು ಮೂರು ಗಂಟೆಗಳಲ್ಲಿ ಕಟ್ಟಬಹುದೆಂಬುದನ್ನು ಕಾರಂತರು ಅದಕ್ಕೆ ಬಹಳ ಮುಂಚೆಯೇ ಮಾಡಿ ತೋರಿಸಿದ್ದರು. ಮಖಮಲ್ಲನ್ನು ಬದಿಗಿಟ್ಟು ಹಳೆಯ ವೇಷಕ್ಕೆ ಮರಳಬೇಕೆನ್ನುವವರು ಅವರ ಗ್ರಂಥವನ್ನು ಇಂದಿಗೂ ಬಿಚ್ಚಿ ನೋಡುತ್ತಾರೆ.

1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ಕಾರಂತರು ಕೊನೆಯುಸಿರೆಳೆದರು. ಆಗ ಅವರಿಗೆ ತೊಂಬತ್ತೈದು ವರ್ಷ. ಪುತ್ತೂರಿನ ಬಾಲವನವನ್ನು ಅವರ ಸ್ಮಾರಕವಾಗಿ ಕಾಪಾಡಿಕೊಂಡು ಬರಲಾಗಿದೆ. ಅವರು ವಾಸಿಸಿದ ಮನೆ ಅಲ್ಲಿದೆ. ಮಕ್ಕಳನ್ನು ಕುಣಿಸಿದ ನಾಟ್ಯಶಾಲೆಯೂ ಅಲ್ಲಿಯೇ ಇದೆ.